ಅಪೊಲೋನಿಯಾ ಅಳಿಸಿದ ಮೂಲೆ

ಚಿತ್ರ ಬರೆದವನ ಹೆಸರು ಎಡಮೂಲೆಗೆ, ಅದನ್ನು ತಾಮ್ರದ ತಗಡಿನಲ್ಲಿ ಕೊರೆದವರ ಹೆಸರು ಬಲಮೂಲೆಗೆ. ಹಳೆಯ ಪುಸ್ತಕಗಳ ಈ ಪದ್ಧತಿ ಗೊತ್ತಿಲ್ಲದಿದ್ದರೆ ನಾವು ಪುಸ್ತಕ ಓದಿದ್ದೇವೆ, ನೋಡಿಲ್ಲ.

ನ್ಯೂರೆಂಬರ್ಗಿನ ಅಪೊಲೋನಿಯಾ ಕ್ರೆಸರಿನ್ ಬಲಮೂಲೆಯವಳು. ಕೊರೆಯುವ ಕಸುಬು ಗಂಡ ಫೈಟ್‌ನದು, ಆದರೆ ಅವನು ಬದುಕಿದ್ದಾಗಲೇ ಅವನ ಕೈ ನಡುಗುತ್ತಿತ್ತು. ಜೀರುಂಡೆಯ ಕಾಲಿನ ಮುಳ್ಳು, ಚಿಟ್ಟೆಯ ರೆಕ್ಕೆಯ ನರ, ಎಲ್ಲ ಕೊರೆದವಳು ಇವಳು; ಮೂಲೆಗೆ ಬಿದ್ದದ್ದು ಅವನ ಹೆಸರು. ಅವನನ್ನು ಮಣ್ಣು ಮಾಡಿ ವರ್ಷ ಕಳೆದ ಮೇಲೆ, ಕೊಂಬಿನ ಜೀರುಂಡೆಯ ತಗಡಿನಲ್ಲಿ ಮೊದಲ ಸಲ ತನ್ನ ಹೆಸರು ಕೊರೆದಳು. ತಿರುಗುಮುರುಗಾಗಿ, ಅಚ್ಚಿನಲ್ಲಿ ನೆಟ್ಟಗೆ ಬರುವಂತೆ.

ಆ ಕೀಟಗಳ ಪುಸ್ತಕದ ಪ್ರಕಾಶಕ ಶ್ಟುಂಪ್ ಮೊದಲ ಅಚ್ಚು ನೋಡಿ ಹುಬ್ಬು ಗಂಟಿಕ್ಕಿದ.

"ಇದೇನಮ್ಮಾ ಇದು? ಫೈಟ್ ಹೆಸರೇ ಇರ್ಲಿ. ಅದಕ್ಕೊಂದು ಬೆಲೆ ಇದೆ."

"ಅವ್ರು ಸ್ಮಶಾನದಲ್ಲಿ ಮಲಗಿ ವರ್ಷ ಆಯ್ತು. ಎದ್ದು ಬಂದು ಕೊರೆದ್ರಾ?"

"ಹೆಂಗಸು ಕೊರೆದ ಜೀರುಂಡೆನ ಯಾವ ಪಂಡಿತ ಕೊಳ್ತಾನೆ?"

"ಯಾಕೆ, ಅದು ಕಚ್ಚತ್ತಾ?"

"ಬಾಯಿ ಸಾಕು. ಹೆಸರು ಅಳಿಸು. ಇಲ್ಲಾಂದ್ರೆ ಮುಂದಿನ ಕೆಲಸ ಬೇರೆಯವರ ಮನೆಗೆ ಹೋಗತ್ತೆ."

ಅಪೊಲೋನಿಯಾ ಹೆರೆಯುವ ಉಳಿ ಎತ್ತಿಕೊಂಡಳು. ಅಕ್ಷರ ಪೂರಾ ಹೋಗುವಷ್ಟು ಹೆರೆದಳು. ಹೆರೆದಲ್ಲಿ ತಾಮ್ರ ತಗ್ಗಾಗುತ್ತದೆ. ತಗಡನ್ನು ಮಗುಚಿ, ಹಿಂದಿನಿಂದ ಸಣ್ಣ ಸುತ್ತಿಗೆಯಲ್ಲಿ ಬಡಿದು ಆ ತಗ್ಗನ್ನು ಮೇಲೆತ್ತಬೇಕು. ಇಲ್ಲದಿದ್ದರೆ ಅದರಲ್ಲಿ ಮಸಿ ನಿಲ್ಲುತ್ತದೆ. ಸುತ್ತಿಗೆಯನ್ನು ಅವಳು ಮುಟ್ಟಲಿಲ್ಲ.

ಮರುದಿನ ಅಚ್ಚಾದ ಹಾಳೆಗಳಲ್ಲೆಲ್ಲ ಬಲಮೂಲೆಯಲ್ಲಿ ಹೆಬ್ಬೆರಳಗಲದ ಬೂದು ಕಲೆ. ಶ್ಟುಂಪ್ ಕೂಗಾಡುತ್ತ ಬಂದ.

"ಬಡಿದು ಎತ್ತೇ ಅದನ್ನ!"

"ಅಳಿಸು ಅಂದ್ರಿ, ಅಳಿಸಿದೀನಿ. ಅಲ್ಲಿ ಯಾರೂ ಇರ್ಲೇ ಇಲ್ಲ ಅನ್ನೋ ಹಾಗೆ ಮಾಡು ಅಂದ್ರೆ, ಆಗಲ್ಲ."

"ಬೇರೆಯವರ ಕೈಲಿ ಬಡಿಸ್ತೀನಿ!"

"ಬಡಿಸಿ ಸ್ವಾಮಿ. ಪಕ್ಕದಲ್ಲೇ ಜೀರುಂಡೆ ಕಾಲಿದೆ. ಅದು ಕುಂಟಿದ್ರೆ ನನ್ನ ಕೇಳ್ಬೇಡಿ."

ಲೈಪ್‌ಜಿಗ್ಗಿನ ಪುಸ್ತಕಸಂತೆ ತಲೆಯ ಮೇಲಿತ್ತು. ಕಲೆಯ ಸಮೇತ ಪುಸ್ತಕ ಹೋಯಿತು. ಶ್ಟುಂಪ್ ಮತ್ತೆ ಅವಳ ಹೊಸ್ತಿಲು ತುಳಿಯಲಿಲ್ಲ, ಇತರ ಪ್ರಕಾಶಕರೂ ಅಷ್ಟೆ. ಮದುವೆಯ ತವರದ ಲೋಟಗಳ ಮೇಲೆ ವಧೂವರರ ಹೆಸರು ಕೊರೆದು ಅವಳು ಹೊಟ್ಟೆ ಹೊರೆದಳು. ಪ್ರತಿ ಲೋಟದ ತಳದಲ್ಲಿ ತನ್ನದೂ ಒಂದು. ಬೇಡ ಎಂದವರಿಗೆ ಲೋಟ ಏನೂ ಕೊರೆಯದೆ ಹಿಂದೆ ಹೋಯಿತು.

ಹಟಕ್ಕೆ ಬಿದ್ದು ಅನ್ನ ಕಳೆದುಕೊಂಡಳು ಎನ್ನುತ್ತಾರೆ. ಅನ್ನ ಕಿತ್ತುಕೊಂಡವನ ಹೆಸರು ಮಾತ್ರ ಮುಖಪುಟದಲ್ಲಿ ದಪ್ಪಕ್ಷರದಲ್ಲಿದೆ, ಅದಕ್ಕೆ ಯಾರೂ ಏನೂ ಎನ್ನುವುದಿಲ್ಲ.

ಆ ಜೀರುಂಡೆಯನ್ನು ನೋಡಿ ಆಹಾ ಎನ್ನುವವರೇ, ಪುಟದ ಬಲಮೂಲೆಯಿಂದ ನಿಮ್ಮ ಹೆಬ್ಬೆರಳು ತೆಗೆಯಿರಿ. ಅಲ್ಲಿ ಯಾರಿದ್ದರು ಎಂದು ಕೇಳಿ. ಉತ್ತರ ಬರುವವರೆಗೆ ಪುಟ ಮಗುಚಬೇಡಿ.