ಕ್ಯಾಬೇಜ್ ಸಂತ

ಗಂಡನ ಆಫೀಸಿನ ಇಂಗ್ಲಿಷ್ ಮ್ಯಾನೇಜರ್ ಕುವೈತ್ ಬಿಟ್ಟು ಹೋಗುವಾಗ ಮನೆ ಸಾಮಾನೆಲ್ಲ ಹಂಚಿದರು. ಬೇರೆಯವರು ಸೋಫಾ, ಫ್ರಿಜ್ಜು ಸಾಗಿಸಿದರೆ ನನ್ನ ಗಂಡ ಹವಲ್ಲಿಯ ನಮ್ಮ ಫ್ಲ್ಯಾಟಿಗೆ ತಂದದ್ದು ಒಂದು ಹಳೇ ಚಿತ್ರ. "ಫ್ರೇಮ್ ನೋಡು, ಅಸಲಿ ಮರ," ಅಂದರು.

ಚಿತ್ರದಲ್ಲಿ ಕಿರೀಟ ಇಟ್ಟ ದಪ್ಪ ಮನುಷ್ಯನೊಬ್ಬ ಕ್ಯಾಬೇಜಿನ ಹಾಗೆ ಮಣ್ಣಿನಿಂದ ಎದ್ದಿದ್ದ. ತಲೆಯ ಸುತ್ತ ಎಲೆಗಳು, ಎಲೆಗಳ ಮೇಲೆ ಮನುಷ್ಯರ ಮುಖದ ಬಸವನಹುಳುಗಳು. ಬಡಕಲು ಜನ ಕೊಡದಿಂದ ಅವನ ಬುಡಕ್ಕೆ ನೀರು ಹೊಯ್ಯುತ್ತಿದ್ದರು. ತರಕಾರಿ ಚಿತ್ರವೇ ತಾನೇ ಎಂದು ಊಟದ ಮೇಜಿನ ಹತ್ತಿರ ತೂಗುಹಾಕಿದೆ.

ವಿಸಿಟ್ ವೀಸಾದಲ್ಲಿ ಮಂಗಳೂರಿನಿಂದ ಬಂದ ಅತ್ತೆ ಅದನ್ನು ನೋಡಿದವರೇ ಶಿಲುಬೆಯ ಗುರುತು ಮಾಡಿಕೊಂಡರು. ಆ ಎಲೆಗಳು ಅವರಿಗೆ ಪ್ರಭೆಯಾಗಿ ಕಂಡಿದ್ದವು. "ತೋಟದ ಸಂತ ಇರಬೇಕು. ನಮ್ಮ ಇಗರ್ಜಿಯಲ್ಲಿ ಇವರಿಲ್ಲ." ಆಸ್ಪತ್ರೆಯ ಡ್ಯೂಟಿಗೆ ಹೊರಟ ಗಡಿಬಿಡಿಯಲ್ಲಿ ನಾನೂ ಹೂಂ ಅಂದುಬಿಟ್ಟೆ. ಮರುದಿನದಿಂದ, ಬಾಲ್ಕನಿಯ ಡಬ್ಬದಲ್ಲಿ ಅತ್ತೆ ನೆಟ್ಟ ಬಸಳೆ ಚಿಗುರಲೆಂದು, ಚಿತ್ರದೆದುರು ಮೇಣದಬತ್ತಿ ಉರಿಯತೊಡಗಿತು.

ಎರಡು ವಾರದ ಮೇಲೆ ಮಗಳು ಚಿತ್ರದ ಕೆಳಗಿನ ಸಣ್ಣಕ್ಷರ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಜ್ಜಿ, ಹಿ ಈಸ್ ನಾಟ್ ಎ ಸೇಂಟ್!"

ಬಿಡಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಇಂಗ್ಲೆಂಡಿನ ಯಾವುದೋ ಕಾಲದ ರಾಜನನ್ನು ಗೇಲಿ ಮಾಡಿ ಅಚ್ಚು ಹಾಕಿದ ಚಿತ್ರವದು. ಹುಳುಗಳು ಅವನ ಮಂತ್ರಿಗಳು, ನೀರು ಹೊಯ್ಯುವವರು ಪ್ರಜೆಗಳು.

ಅತ್ತೆಯ ಮುಖ ಕೆಂಪಾಯಿತು. "ನನ್ನ ಮೊಣಕಾಲು ನೋವನ್ನೂ ಇವನ ಹತ್ತಿರ ಹೇಳಿಕೊಂಡಿದ್ದೆ!" ಅಂದು ಬತ್ತಿ ಊದಿ ಆರಿಸಿದರು.

ಮೊದಲ ದಿನವೇ ಸರಿಯಾಗಿ ನೋಡಿ ಹೇಳಬಹುದಿತ್ತು ಅನಿಸಿ, ಚಿತ್ರ ಇಳಿಸಲು ಕುರ್ಚಿ ಎಳೆದೆ.

"ಇರಲಿ ಮಾರಾಯ್ತಿ," ಎನ್ನುತ್ತ ಅತ್ತೆ ಕನ್ನಡಕ ಹಾಕಿಕೊಂಡು ಹತ್ತಿರ ಹೋದರು. ಒಂದೊಂದೇ ಹುಳುವಿನ ಮುಖ ನೋಡಿದರು. "ಈ ಉದ್ದ ಮೂಗಿನವ ನಮ್ಮ ವಾರ್ಡಿನ ಮೆಂಬರನ ಹಾಗೇ ಇದ್ದಾನಲ್ಲ!" ಅವರ ಭುಜ ಕುಣಿಯತೊಡಗಿತು.

ಆ ಶುಕ್ರವಾರ ಜಪಸರದ ಪ್ರಾರ್ಥನೆಗೆ ನಮ್ಮ ಮನೆಗೆ ಬಂದ ಹೆಂಗಸರಿಗೆ ಅತ್ತೆಯೇ ಚಿತ್ರ ವಿವರಿಸಿದರು. ಹುಳುಗಳಲ್ಲಿ ಒಬ್ಬರಿಗೆ ತಮ್ಮ ಆಸ್ಪತ್ರೆಯ ಮೇಟ್ರನ್ ಕಂಡರು, ಇನ್ನೊಬ್ಬರಿಗೆ ಊರಿನ ಭಾವ. ಇಲ್ಲಿನ ನಮ್ಮ ಊರವರ ಸಂಘದ ಅಧ್ಯಕ್ಷರ ಹೆಂಡತಿ ಮಾತ್ರ ಆ ಕ್ಯಾಬೇಜನ್ನೇ ದಿಟ್ಟಿಸುತ್ತಿದ್ದರು. ನಾವೆಲ್ಲ ಬೇರೆ ಕಡೆ ನೋಡಿದೆವು.

"ಗಲ್ಲ ನಮ್ಮ ಯಜಮಾನರದ್ದೇ," ಎಂದರು ಆಕೆ ಕೊನೆಗೆ, ಮತ್ತು ಮೊಬೈಲ್ ತೆಗೆದು ಫೋಟೋ ಹೊಡೆದುಕೊಂಡರು. ಅವತ್ತು ಪ್ರಾರ್ಥನೆ ಅರ್ಧ ಗಂಟೆ ತಡವಾಯಿತು.