ಸೇತುವೆ ಮೇಲೆ ಎಣಿಕೆ ತಪ್ಪಿದ ಬೆಳಿಗ್ಗೆ

ದೆವ್ವ, ಆತ್ಮ ಎಂದು ಯಾರಾದರೂ ಶುರು ಮಾಡಿದರೆ ಸ್ಟಾಫ್ ರೂಮಿನಲ್ಲಿ ಮೊದಲು ನಗುತ್ತಿದ್ದವಳು ನಾನೇ. ಶಿವಮೊಗ್ಗದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ಬಿಸಿಲು, ಸೀಟಿ, ಓಟ, ಇಷ್ಟೇ ನನ್ನ ಪ್ರಪಂಚ. ಈಗ ಹೇಳುವುದನ್ನು ಓದಿ ನೀವು ನಕ್ಕರೂ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ ಭದ್ರಾವತಿಯಲ್ಲಿ, ನನ್ನ ತವರಿನ ಬೀದಿಯ ಪಕ್ಕದ ನಾಲೆಗೆ ಹೊಸ ಸೇತುವೆ ಆಯಿತು. ಅದೇ ಬೀದಿಯ ನಾಗರಾಜ ಸೈನ್ಯದಲ್ಲಿದ್ದು, ಅದಕ್ಕೂ ಐದಾರು ವರ್ಷ ಮೊದಲು ಗಡಿಯ ಹಿಮದಲ್ಲಿ ತೀರಿಕೊಂಡಿದ್ದ. ಸೇತುವೆಗೆ ಅವನ ಹೆಸರೇ ಇಡಬೇಕೆಂದು ಓಡಾಡಿದವರಲ್ಲಿ ನಾನೂ ಒಬ್ಬಳು. ಒಪ್ಪದವರು ಒಬ್ಬರೇ, ಅವನ ತಾಯಿ ಗೌರಮ್ಮ. ಮಗನ ಶವ ಬಂದ ಪೆಟ್ಟಿಗೆಯನ್ನು ತೆರೆಯಲು ಸೈನ್ಯದವರು ಬಿಟ್ಟಿರಲಿಲ್ಲ. "ಮುಖ ನೋಡಿಲ್ಲ ನಾನು. ಸತ್ತೋರ ಹೆಸರು ತಾನೆ ಸೇತುವೆಗೆ ಇಡೋದು? ನನ್ನ ಮಗ ಬರ್ತಾನೆ ಮಾರಾಯ್ತಿ," ಎನ್ನುತ್ತಿದ್ದರು. ಮನೆಯವರ ಒಪ್ಪಿಗೆ ಪತ್ರ ಸೋಮವಾರದೊಳಗೆ ನಗರಸಭೆ ಕಚೇರಿಗೆ ತಲುಪದಿದ್ದರೆ ಬೇರೆ ಯಾರದೋ ಹೆಸರು ಗ್ಯಾರಂಟಿ.

ನನಗೋ ಹಠ. ಭಾನುವಾರ ಬೆಳಿಗ್ಗೆ ನಮ್ಮ ಇಪ್ಪತ್ತು ಕೆಡೆಟ್ ಹುಡುಗಿಯರನ್ನು ಬಸ್ಸಿನಲ್ಲಿ ಕರೆದೊಯ್ದು, ಸೇತುವೆ ಮೇಲೆ ಗೌರವ ವಂದನೆಯ ತಾಲೀಮು ಇಟ್ಟೆ. ಗೌರಮ್ಮನವರನ್ನು ಕುರ್ಚಿ ಹಾಕಿ ಕೂರಿಸಿದೆ. ಇದನ್ನು ಕಂಡು ಮನಸ್ಸು ಕರಗಿ ರುಜು ಹಾಕಿಯಾರು ಎಂಬ ಉಪಾಯ ನನ್ನದು. ಸೇತುವೆ ಇನ್ನೂ ಸಂಚಾರಕ್ಕೆ ತೆರೆದಿರಲಿಲ್ಲ. ನಾವು ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ.

ಹುಡುಗಿಯರು ಒಂದೇ ಸಾಲಿನಲ್ಲಿ ನಿಂತರು. "ಗಿನ್ತಿ ಕರ್!" ಎಂದೆ. ಬಲತುದಿಯಿಂದ ಒಬ್ಬೊಬ್ಬರೂ ತಮ್ಮ ಸಂಖ್ಯೆಯನ್ನು ಹಿಂದಿಯಲ್ಲಿ ಕೂಗಬೇಕು. ಏಕ್, ದೋ, ತೀನ್ ಎಂದು ಸರಸರ ಸಾಗಿ, ಇಪ್ಪತ್ತನೆಯವಳು "ಬೀಸ್" ಎಂದಳು. ಅದರ ಬೆನ್ನಿಗೇ, "ಇಕ್ಕೀಸ್!"

ಇಪ್ಪತ್ತೊಂದು! ಅದೂ ಗಂಡು ದನಿ!

ಯಾರದೋ ಕೀಟಲೆ ಎಂದು ರೇಗಿ ಸಾಲಿನ ಕೊನೆಗೆ ಓಡಿದೆ. ಸೇತುವೆಯ ಕಂಬಿ, ಕೆಳಗೆ ನೀರು, ಅಷ್ಟೇ. ಅಲ್ಲೇ ನಿಂತು ಮತ್ತೆ ಎಣಿಸಲು ಹೇಳಿದೆ. ಈ ಸಲ "ಬೀಸ್" ಆದದ್ದೇ ತಡ, ನನ್ನ ಮಗ್ಗುಲಲ್ಲೇ, ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ "ಇಕ್ಕೀಸ್" ಎಂದಿತು. ಹುಡುಗಿಯರು ಬೆಚ್ಚಿ ಒಬ್ಬರನ್ನೊಬ್ಬರು ಹಿಡಿದುಕೊಂಡರು. ನನಗೆ ಮಾತ್ರ ಹೆದರಿಕೆಗಿಂತ ಹೆಚ್ಚಾಗಿ ಎಂಥದೋ ಹುಚ್ಚು ಹುಮ್ಮಸ್ಸು. "ಗೌರಮ್ಮ, ಕೇಳಿಸ್ತಾ? ನಿಮಗೂ ಕೇಳಿಸ್ತಾ?" ಎಂದು ಕೂಗಿಕೊಂಡೆ.

ಅವರು ಆಗಲೇ ಎದ್ದು ಬಂದಿದ್ದರು. ನನ್ನ ಪಕ್ಕದ ಖಾಲಿ ಜಾಗದ ಮುಂದೆ ನಿಂತು "ನಾಗೂ" ಎಂದರು. ಗಾಳಿಯಲ್ಲಿ ಎರಡೂ ಕೈ ಆಡಿಸಿದರು. ಏನೂ ಸಿಗಲಿಲ್ಲ.

"ಅವನದೇ ದನಿ ಕಣೇ," ಎಂದರು. "ದನಿ ಐತೆ, ಮೈ ಇಲ್ಲ. ಹೋಗ್ಬಿಟ್ಟಿದಾನೆ. ಕೊಡು ಆ ಕಾಗದ."

ಕೆಲಸದವರು ಯಾರೋ ಸೇತುವೆ ಕೆಳಗಿದ್ದಿರಬೇಕು ಎನ್ನುತ್ತಾರೆ ನಮ್ಮ ಯಜಮಾನರು. ವಿಜ್ಞಾನದ ಟೀಚರ್ ಪ್ರತಿಧ್ವನಿ ಎನ್ನುತ್ತಾರೆ. ಹುಡುಗಿ ಕೂಗಿದ್ದು ಗಂಡಸಿನ ದನಿಯಾಗಿ, ಮುಂದಿನ ಸಂಖ್ಯೆಯಾಗಿ ಮರಳುತ್ತದೆಯೇ? ನನಗೆ ಇವತ್ತಿಗೂ ಗೊತ್ತಾಗಿಲ್ಲ. ಸೇತುವೆಗಂತೂ ನಾಗರಾಜನ ಹೆಸರೇ ಇದೆ. ನಾನು ಬಯಸಿದ್ದೂ ಅದನ್ನೇ.

ಆದರೆ ಅವತ್ತು ರುಜು ಹಾಕಿದ ಪತ್ರ ಹಿಡಿದು ಗೌರಮ್ಮನವರನ್ನು ಮನೆಗೆ ಬಿಟ್ಟೆ. ಏನಾದರೂ ಬೇಕೇ ಎಂದು ಕೇಳಿದೆ. ಅವರು ಗೋಡೆಯ ಮೇಲಿದ್ದ ಮಗನ ಫೋಟೋ ನೋಡುತ್ತಾ, "ಒಂದು ಹಾರ ತಂದ್ಕೊಡೇ, ಇಷ್ಟು ವರ್ಷ ಹಾಕಿರ್ಲಿಲ್ಲ," ಎಂದರು.