ಎರೆಮಣ್ಣಿನ ಗಣಪ್ಪ

ಗಣಪ್ಪನ ಹೊಟ್ಟೆಯ ಮೇಲಿನ ಬಿರುಕು ನನಗೆ ಕಂಡದ್ದು ಐದನೆಯ ದಿನ ಬೆಳಿಗ್ಗೆ, ಬಾಡಿದ ಹೂವು ತೆಗೆಯುವಾಗ. ಕೂದಲೆಳೆಯಷ್ಟು. ಸಂಜೆ ಹೇಗೂ ಹಿತ್ತಲಿನ ಬಕೆಟ್ಟಿನಲ್ಲಿ ಬಿಡುವವರಿದ್ದೇವಲ್ಲ ಎಂದು ಗರಿಕೆಯನ್ನು ಅದರ ಮೇಲೆ ಸರಿಸಿದೆ.

ಪ್ರತಿ ವರ್ಷ ದುರ್ಗದಬೈಲಿನ ಪೇಟೆಯಿಂದ ಮಿರಮಿರ ಮಿಂಚುವ ಪ್ಲಾಸ್ಟರಿನ ಗಣಪ್ಪ ಬರುತ್ತಿದ್ದ. ಅಂಥವನೊಬ್ಬ ಕರಗದೆ ಕೆರೆದಂಡೆಯಲ್ಲಿ ಮುಖ ಮೇಲಾಗಿ ಬಿದ್ದದ್ದನ್ನು ಕಂಡಮೇಲೆ, ಈ ಸಲ ನಾನೇ ಮಾಡುತ್ತೇನೆಂದು ಹಟ ಹಿಡಿದಿದ್ದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ಎರೆಮಣ್ಣೇ ಸಾಕೆಂದುಕೊಂಡೆ. ಗರಗದಿಂದ ಅಕ್ಕ ಹೊಲದ ಮಣ್ಣು ಕಳಿಸಿದಳು. ಬೇಸಿಗೆಯಲ್ಲಿ ಆ ಹೊಲ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುತ್ತದೆಂಬುದು ನೆನಪಾಗಲೇ ಇಲ್ಲ.

ಸಂಜೆ ಆರತಿಯಾದ ಮೇಲೆ ಅತ್ತೆ ಕೇಳಿದರು, "ಎಲ್ಲಿಗೆ ಒಯ್ಯಾಕತ್ತೀದಿ ಅವನ್ನ?"

"ನೀರಾಗ ಬಿಡೂದಲ್ರಿ, ಅತ್ತಿ."

"ಬಸುರಿ ಮನ್ಯಾಗ ಇದ್ದಾಗ ಗಣಪ್ಪನ್ನ ಕಳಸೂದಿಲ್ಲ. ಕೂಸು ಬರೂತನಾ ಕುಂದರ್ತಾನ. ನಿನ್ನ ಮಗಳು ಹೊಟ್ಟ್ಯಾಗ ಇದ್ದಾಗೂ ಕುಂತಿದ್ದ, ಮರತೇನು?"

"ಕುಂದರ್ಲಿ ಬಿಡು," ನನ್ನ ಗಂಡ ನಕ್ಕರು. "ದಿನಾ ಕಡಬು ಮಾಡು, ನನಗೂ ಸಿಗತಾವ."

ನನಗೆ ನಗು ಬರಲಿಲ್ಲ. ಅಂದು ಕೂತವನು ಪ್ಲಾಸ್ಟರಿನವನು. ಮಗಳು ಚೊಚ್ಚಲ ಹೆರಿಗೆಗೆ ಬಂದಿದ್ದಳು, ಇನ್ನೂ ತಿಂಗಳ ಮೇಲೆ ಬಾಕಿಯಿತ್ತು. ರಕ್ತದೊತ್ತಡ ಏರುತ್ತಿದೆ, ಜೋಪಾನ ಎಂದಿದ್ದರು ಡಾಕ್ಟರು. ಅವಳ ಊದಿದ ಪಾದಕ್ಕೆ ಬೆರಳೊತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು.

ಕಳಿಸುವ ಮೊದಲೇ ಮೂರ್ತಿ ಒಡೆದರೆ ಏನಾಗುತ್ತದೆಂದು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಶಕುನ ನಂಬಬಾರದೆಂದು ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ್ದರು. ನಂಬುವುದಿಲ್ಲ ಎಂದುಕೊಳ್ಳುತ್ತಲೇ ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಖಾದಿ ತುಂಡೊಂದನ್ನು ಒದ್ದೆ ಮಾಡಿ ಅವನ ಹೊಟ್ಟೆಗೆ ಹೊದಿಸುತ್ತಿದ್ದೆ. ಉಳಿದವರು ಏಳುವಷ್ಟರಲ್ಲಿ ತೆಗೆದು ಹಾರದಿಂದ ಮುಚ್ಚುತ್ತಿದ್ದೆ.

ಕೆಲವು ದಿನಗಳಲ್ಲಿ ಬಿರುಕು ಕೂಡಿಕೊಂಡಿತು. ಆದರೆ ಬಲಗೈ ಜೋತುಬಿತ್ತು. ಪಾದಗಳು ಹಸಿಗೆ ಊದಿಕೊಂಡು, ಥೇಟು ಮಗಳ ಪಾದದ ಹಾಗೆ ಕಂಡವು. ಅಂದಿನಿಂದ ಇಬ್ಬರ ಪಾದಗಳನ್ನೂ ನೋಡಲು ನನಗೆ ಧೈರ್ಯವಾಗುತ್ತಿರಲಿಲ್ಲ. ನೋಡದೆ ಇರಲೂ ಆಗುತ್ತಿರಲಿಲ್ಲ. ನಾನು ಹಾಕುವ ನೀರಿಗೆ ಇಷ್ಟು ಹಸಿ ಹೇಗೆ?

ಒಂದು ಮಧ್ಯಾಹ್ನ ಅಡುಗೆಮನೆಯಿಂದ ಬಂದಾಗ ಉತ್ತರ ಸಿಕ್ಕಿತು. ಅತ್ತೆ ದೇವರ ಮುಂದೆ ನಿಂತು, ಸೆರಗಿನ ತುದಿಯನ್ನು ತಂಬಿಗೆಯಲ್ಲಿ ಅದ್ದಿ ಗಣಪ್ಪನ ಹೊಟ್ಟೆಗೆ ಒತ್ತುತ್ತಿದ್ದರು.

"ನಿಮಗ ಗೊತ್ತಿತ್ತೇನ್ರಿ?"

"ಐದನೇ ದಿನಾನs ಕಂಡಿತ್ತು. ನೀ ಅಂಜಬುರಕಿ, ಹೇಳಿದ್ರ ನಿದ್ದಿ ಬಿಡತೀದಿ ಅಂತ ಸುಮ್ಮನಿದ್ದೆ."

"ನಾನೂ ಮುಂಜಾನೆ ನೀರು ಹಚ್ಚತಿದ್ದೆ."

"ಅಯ್ಯ, ಇಬ್ಬರೂ ಕೂಡಿ ಅವಗ ನೆಗಡಿ ಬರಸೇವಿ ಬಿಡು."

ಅಷ್ಟರಲ್ಲಿ ಕೋಣೆಯಿಂದ ಮಗಳ ದನಿ. "ಮಮ್ಮೀ, ತಲಿ ಭಾಳ ನೋಯಾಕತ್ತೇತಿ. ಕಣ್ಣು ಮಂಜಾಗ್ಯಾವ, ಗಡಿಯಾರ ಕಾಣವಲ್ತು."

ಗೋಪನಕೊಪ್ಪದ ಮನೆಯಿಂದ ಆಸ್ಪತ್ರೆಗೆ ದೂರವೇನಿಲ್ಲ. ಆದರೂ ಅಂದು ರಸ್ತೆ ಮುಗಿಯಲೇ ಇಲ್ಲ. ಕಾರಿನಲ್ಲಿ ಅವಳ ಕೈ ಹಿಡಿದಿದ್ದೆ; ನನ್ನ ಉಗುರಿನಲ್ಲಿ ಕಪ್ಪು ಮಣ್ಣಿತ್ತು. ಕೂಡಲೇ ಆಪರೇಷನ್ ಎಂದು ಒಳಗೆ ಕರೆದೊಯ್ದರು. ಹೊರಗೆ ಬೆಂಚಿನ ಮೇಲೆ ಕೂತು, ನಾಚಿಕೆಯಿಲ್ಲದೆ ಮನೆಗೆ ಫೋನು ಮಾಡಿ ಮೊದಲು ಕೇಳಿದ್ದು ಗಣಪ್ಪನನ್ನು.

"ಛಲೋ ಅದಾನ," ಎಂದರು ಅತ್ತೆ. "ನಾ ಅವನ ಮುಂದs ಕುಂತೇನಿ. ನೀ ಆಕಿನ್ನ ನೋಡು."

ಆ ಮಾತು ಹಿಡಿದುಕೊಂಡೇ ನಾನು ಕೂತಿದ್ದೆ. ಹೆಣ್ಣು ಕೂಸು ಹುಟ್ಟಿತು, ಅಂಗೈಯಲ್ಲಿ ಹಿಡಿಸುವಂಥದ್ದು. ಮಗಳ ಒತ್ತಡ ಇಳಿದು, ಇಬ್ಬರೂ ಮನೆಗೆ ಬಂದ ಮೇಲೆ ಬಕೆಟ್ಟಿಗೆ ನೀರು ತುಂಬಿದೆವು. ಗಣಪ್ಪನ ಹೆಗಲ ಮೇಲಿನ ವಸ್ತ್ರ ತೆಗೆದೆ. ಬಲಗೈ ಇರಲಿಲ್ಲ.

ಅತ್ತೆ ಸೆರಗಿನ ಗಂಟು ಬಿಚ್ಚಿದರು. ಒಣಗಿದ ಪುಟ್ಟ ಕೈ.

"ಯಾವಾಗ್ರಿ?"

"ನೀವು ಗಾಡಿ ಹತ್ತಿದ್ರಲ್ಲ, ಆಗs. ಫೋನಿನ್ಯಾಗ ಹೆಂಗ ಹೇಳ್ಲಿ?"

ಆ ಕೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ಒಬ್ಬರೇ, ಅಷ್ಟು ದಿನ. ಅವರು ಮೊದಲು ಅದನ್ನು ನೀರಿಗೆ ಬಿಟ್ಟರು, ನಾನು ಗಣಪ್ಪನನ್ನು ಇಳಿಸಿದೆ. ನೀರು ಕಪ್ಪಾಯಿತು.

ಒಳಗೆ ಕೂಸು ಸೀನಿತು. ಇಬ್ಬರೂ ಬೆಚ್ಚಿ ಒಟ್ಟಿಗೆ ತಿರುಗಿದೆವು.